ಫಂಕ್ ಝೋನ್‌ನಲ್ಲಿ ಒಂದು ದಿನಕ್ಕೆ ಎರಡೇ ವೈನ್ ಅಂಗಡಿ ಸಾಕು

ಪ್ರಶ್ನೆ: ನಾನು ಮೈಸೂರಿನವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಸೆಪ್ಟೆಂಬರ್‌ನಲ್ಲಿ ಹೆಂಡತಿಯ ಜೊತೆ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಸಾಂಟಾ ಬಾರ್ಬರಾ ಊರಿನಲ್ಲಿ ಫಂಕ್ ಝೋನ್ ಅಂತ ಸಮುದ್ರದ ಪಕ್ಕ ಒಂದು ಬಡಾವಣೆ ಇದೆಯಂತೆ. ಗೋಡೆ ತುಂಬ ಚಿತ್ರ, ಸಾಲಾಗಿ ವೈನ್ ರುಚಿ ನೋಡುವ ಅಂಗಡಿ. ಒಂದು ದಿನ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ ಮಗಳು. ನನಗೆ ವೈನ್ ಬಗ್ಗೆ ಏನೂ ಗೊತ್ತಿಲ್ಲ. ಹೆಂಡತಿ ಕುಡಿಯುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳು. ನಮ್ಮಂಥವರು ಅಲ್ಲಿಗೆ ಹೋಗಿ ಏನು ಮಾಡುವುದು? ಒಂದೆರಡು ಬಾಟಲಿ ಊರಿಗೆ ತರಬಹುದೇ?

ಉತ್ತರ:

ಹೋಗಿ ಸರ್, ಖಂಡಿತ ಹೋಗಿ. ವೈನ್ ಗೊತ್ತಿಲ್ಲದವರಿಗೇ ಈ ಜಾಗ ಜಾಸ್ತಿ ಒಗ್ಗುತ್ತದೆ. ಗೊತ್ತಿರುವವರು ಬಾಟಲಿ ಮೇಲಿನ ಹೆಸರು ನೋಡುತ್ತಾ ಕಳೆದುಹೋಗುತ್ತಾರೆ, ರಸ್ತೆ ನೋಡುವುದೇ ಇಲ್ಲ. ಆದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯಿಂದ ಅಂಗಡಿಗೆ ಹಾರುತ್ತಾ ಎಲ್ಲವನ್ನೂ ರುಚಿ ನೋಡುವ ಯೋಚನೆ ಬೇಡ. ಎರಡೇ ಅಂಗಡಿ ಸಾಕು. ಮೊದಲ ಸಲ ಹೋದಾಗ ನಾನು ಒಂದು ಮಧ್ಯಾಹ್ನದಲ್ಲಿ ಐದು ಮುಗಿಸಿದ್ದೆ. ಮೂರನೆಯದರ ನಂತರ ಏನು ಕುಡಿದೆ ಅನ್ನುವುದು ಇವತ್ತಿಗೂ ನೆನಪಿಲ್ಲ. ನೆನಪಿರುವುದು ರೈಲು ತಪ್ಪಿಸಿಕೊಂಡಿದ್ದು ಮಾತ್ರ.

ಮೊದಲು ಜಾಗದ ಲೆಕ್ಕ. ಫಂಕ್ ಝೋನ್ ತುಂಬಾ ಸಣ್ಣದು. ಒಂದು ಕಡೆ ರೈಲು ಹಳಿ ಮತ್ತು 101 ಹೆದ್ದಾರಿ, ಇನ್ನೊಂದು ಕಡೆ ಕಡಲ ತೀರದ ಕಬ್ರಿಯೊ ರಸ್ತೆ. ಪಶ್ಚಿಮಕ್ಕೆ ಸ್ಟೇಟ್ ಸ್ಟ್ರೀಟ್, ಪೂರ್ವಕ್ಕೆ ಗಾರ್ಡನ್ ಸ್ಟ್ರೀಟ್. ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ, ಅಷ್ಟೇ. ಸಾಂಟಾ ಬಾರ್ಬರಾದ ಉಳಿದ ಭಾಗವೆಲ್ಲ ಬಿಳಿ ಗೋಡೆ, ಕೆಂಪು ಹೆಂಚು. ನೋಡಿದ ತಕ್ಷಣ ನಮ್ಮ ಕರಾವಳಿಯ ಹಳೇ ಮನೆಗಳು ನೆನಪಾಗುತ್ತವೆ. 1925ರ ಜೂನ್ 29ರಂದು ದೊಡ್ಡ ಭೂಕಂಪವಾಗಿ ಊರಿನ ಮುಖ್ಯ ಬೀದಿಯೇ ಕುಸಿಯಿತು. ಮತ್ತೆ ಕಟ್ಟುವಾಗ ಎಲ್ಲ ಸ್ಪ್ಯಾನಿಷ್ ಶೈಲಿಯಲ್ಲೇ ಇರಲಿ ಅಂತ ಊರಿನವರು ಹಟ ಹಿಡಿದರು. ಆ ಹಟ ಹಳಿಯ ಈಚೆ ದಂಡೆಗೆ ಅಷ್ಟಾಗಿ ತಟ್ಟಲಿಲ್ಲ. ಇಲ್ಲಿದ್ದದ್ದು ಗೋದಾಮು, ಮೀನಿನ ವ್ಯಾಪಾರ, ದೋಣಿ ರಿಪೇರಿ, ಸರ್ಫಿಂಗ್ ಹಲಗೆ ಮಾಡುವವರ ಶೆಡ್ಡು. ತಗಡಿನ ಗೋಡೆ, ಕಾಂಕ್ರೀಟ್ ನೆಲ, ಎತ್ತರದ ಚಾವಣಿ, ಕಡಿಮೆ ಬಾಡಿಗೆ. ಇಂಥ ಜಾಗ ಕಂಡರೆ ಕಲಾವಿದರು ಬಿಡುತ್ತಾರೆಯೇ? ಬಂದು ಸೇರಿಕೊಂಡರು. ಅವರ ಹಿಂದೆ ವೈನ್ ಮಾಡುವವರು ಬಂದರು, ಅವರಿಗೂ ಬೇಕಿದ್ದದ್ದು ಅದೇ ತಂಪು ಗೋದಾಮು.

ಫಂಕ್ ಅನ್ನುವ ಮಾತಿಗೆ ಕಮಟು ವಾಸನೆ ಅಂತಲೂ ಅರ್ಥವಿದೆ, ಚಿತ್ರವಿಚಿತ್ರ ಶೋಕಿ ಅಂತಲೂ ಇದೆ. ಇಲ್ಲಿಗೆ ಎರಡೂ ಸರಿಹೊಂದುತ್ತವೆ. ಕಲಾವಿದರ ಬಗ್ಗೆ ಮಾತ್ರ ಆಸೆ ಹುಟ್ಟಿಸಿ ಕಳಿಸಲಾರೆ. ಬಾಡಿಗೆ ಏರಿದ ಹಾಗೆ ಸ್ಟುಡಿಯೊಗಳು ಕಮ್ಮಿಯಾಗುತ್ತಾ ಬಂದವು, ಗೋಡೆ ಮೇಲಿನ ಚಿತ್ರಗಳು ಉಳಿದವು. ಈಗ ಇಲ್ಲಿ ಕಲೆಗಿಂತ ವೈನ್ ಜಾಸ್ತಿ. ಆದರೂ ಸುಮ್ನೆ ಓಣಿಗಳಲ್ಲಿ ಅಡ್ಡಾಡಿ. ಕಸದ ತೊಟ್ಟಿಯ ಹಿಂದೆ, ಪಾರ್ಕಿಂಗ್ ಜಾಗದ ಕೊನೆಯಲ್ಲಿ ಇದ್ದಕ್ಕಿದ್ದಂತೆ ಒಂದು ಗೋಡೆ ಎದ್ದು ನಿಲ್ಲುತ್ತದೆ. ಹಳೆಯ ಚಿತ್ರದ ಮೇಲೆ ಹೊಸದು ಬರೆಯುತ್ತಲೇ ಇರುತ್ತಾರೆ, ಹಾಗಾಗಿ ಇಂಥದ್ದೇ ನೋಡಿ ಅಂತ ಹೆಸರು ಹೇಳುವುದರಲ್ಲಿ ಅರ್ಥವಿಲ್ಲ.

ಬೀದಿಗಳ ಹೆಸರನ್ನೂ ಗಮನಿಸಿ. ಅನಕಾಪಾ ಸ್ಟ್ರೀಟ್ ಈ ಬಡಾವಣೆಯ ನಡುಬೀದಿ. ಎದುರಿನ ಸಮುದ್ರದಲ್ಲಿರುವ ಒಂದು ದ್ವೀಪದ ಹೆಸರು ಅದು. ಈ ತೀರದ ಮೂಲ ನಿವಾಸಿಗಳಾದ ಚುಮಾಶ್ ಜನರ ಮಾತಿನಲ್ಲಿ ಅದಕ್ಕೆ ಮರೀಚಿಕೆ ಅಂತ ಅರ್ಥ. ಮಂಜು ಸರಿದಾಗ ಮಾತ್ರ ಕಾಣುವ ದ್ವೀಪಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುತ್ತಿತ್ತೇ? ಅದನ್ನು ಅಡ್ಡ ಹಾಯುವ ಯಾನೊನಾಲಿ ಬೀದಿಗೆ ಇಲ್ಲಿದ್ದ ಚುಮಾಶ್ ಮುಖಂಡನೊಬ್ಬನ ಹೆಸರು. 1780ರ ದಶಕದಲ್ಲಿ ಸ್ಪೇನಿನವರು ಬಂದು ಕೋಟೆ ಕಟ್ಟಿದಾಗ ಅವನೇ ಇಲ್ಲಿಯ ಯಜಮಾನ.

ಈಗ ವೈನ್‌ಗೆ ಬರೋಣ. ಇಲ್ಲಿ ಒಂದೇ ಒಂದು ದ್ರಾಕ್ಷಿ ಬಳ್ಳಿಯೂ ಕಾಣುವುದಿಲ್ಲ. ತೋಟಗಳೆಲ್ಲ ಬೆಟ್ಟದ ಆಚೆ, ಸಾಂಟಾ ಯೆನೆಜ್ ಮತ್ತು ಸಾಂಟಾ ಮರಿಯಾ ಕಣಿವೆಗಳಲ್ಲಿವೆ. ಕಾರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆಯ ದಾರಿ. ವೈನ್ ತಯಾರಿಸುವವರು ತಮ್ಮ ತೋಟ, ಕಾರ್ಖಾನೆಯಿಂದ ದೂರದಲ್ಲೂ ಒಂದು ಕೋಣೆ ತೆರೆದು ಜನರಿಗೆ ರುಚಿ ತೋರಿಸಲು ಕ್ಯಾಲಿಫೋರ್ನಿಯಾದ ಲೈಸೆನ್ಸ್ ಅವಕಾಶ ಕೊಡುತ್ತದೆ. ಹಾಗಾಗಿ ತೋಟ ಅಲ್ಲಿ, ಗ್ಲಾಸು ಇಲ್ಲಿ. ಇದನ್ನು ಮೊದಲು ಮಾಡಿದವರ ಪೈಕಿ ಸಾಂಟಾ ಬಾರ್ಬರಾ ವೈನರಿ ಒಂದು. ಪಿಯೇರ್ ಲಫಾಂಡ್ ಎಂಬ ವಾಸ್ತುಶಿಲ್ಪಿ ಅದನ್ನು 1962ರಲ್ಲಿ ಶುರು ಮಾಡಿದರು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತಲ್ಲ, ಅದಾದ ಮೇಲೆ ಈ ಜಿಲ್ಲೆಯಲ್ಲಿ ತೆರೆದ ಮೊದಲ ವೈನರಿ ಅದೇ. ಫಂಕ್ ಝೋನ್‌ಗೆ ಇನ್ನೂ ಶೋಕಿ ಹತ್ತದ ಕಾಲದಿಂದಲೂ ಅದು ಅನಕಾಪಾ ಬೀದಿಯಲ್ಲಿದೆ.

ಹಾಗಿದ್ದರೆ ಈ ಜಿಲ್ಲೆಯ ವೈನ್‌ಗೆ ಯಾಕಿಷ್ಟು ಹೆಸರು? ಬೆಟ್ಟ ಮಲಗಿರುವ ದಿಕ್ಕು ನೋಡಬೇಕು. ನಮ್ಮ ಪಶ್ಚಿಮ ಘಟ್ಟ ಉತ್ತರದಿಂದ ದಕ್ಷಿಣಕ್ಕೆ ಗೋಡೆಯ ಹಾಗೆ ನಿಂತು ಸಮುದ್ರದ ಗಾಳಿಯನ್ನು ತಡೆಯುತ್ತದೆ. ಕ್ಯಾಲಿಫೋರ್ನಿಯಾದ ಕರಾವಳಿ ಬೆಟ್ಟಗಳೂ ಬಹುಪಾಲು ಹಾಗೆಯೇ. ಸಾಂಟಾ ಬಾರ್ಬರಾದಲ್ಲಿ ಮಾತ್ರ ಅವು ಪೂರ್ವ ಪಶ್ಚಿಮವಾಗಿ ಅಡ್ಡ ಮಲಗಿವೆ. ಭೂಮಿಯ ಪದರಗಳ ಉಜ್ಜಾಟಕ್ಕೆ ಸಿಕ್ಕಿ ಆ ಇಡೀ ತುಂಡು ಕೋಟ್ಯಂತರ ವರ್ಷಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ 90 ಡಿಗ್ರಿಗೂ ಹೆಚ್ಚು ತಿರುಗಿದೆ. ಹಾಗಾಗಿ ಕಣಿವೆಗಳ ಬಾಯಿ ನೇರ ಸಮುದ್ರದ ಕಡೆಗಿದೆ. ಪಾಲಕ್ಕಾಡ್ ಕಂಡಿಯಲ್ಲಿ ಗಾಳಿ ನುಗ್ಗುವುದನ್ನು ನೀವು ನೋಡಿರಬಹುದು. ಅದೇ ರೀತಿ ಇಲ್ಲಿ ತಣ್ಣನೆಯ ಪೆಸಿಫಿಕ್ ಗಾಳಿ, ಮಂಜು ಎರಡೂ ಒಳಗೆ ನುಗ್ಗುತ್ತವೆ. ಕಡಲಿಂದ ಒಂದು ಮೈಲಿ ಒಳಗೆ ಹೋದರೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಏರುತ್ತದೆ ಅನ್ನುವುದು ಅಲ್ಲಿಯ ರೈತರ ಆಡುಮಾತು. ಕಡಲಿಗೆ ಹತ್ತಿರದ ಸ್ಟಾ. (ಸಾಂಟಾ) ರೀಟಾ ಹಿಲ್ಸ್‌ನಲ್ಲಿ ಚಳಿ ಬೇಡುವ ಪಿನೊ ನ್ವಾರ್ ಮತ್ತು ಶಾರ್ಡನೇ ದ್ರಾಕ್ಷಿ. ನಡುವಿನ ಬ್ಯಾಲರ್ಡ್ ಕ್ಯಾನ್ಯನ್‌ನಲ್ಲಿ ಸಿರಾ. ಪೂರ್ವದ ತುದಿಯ ಹ್ಯಾಪಿ ಕ್ಯಾನ್ಯನ್‌ನಲ್ಲಿ ಬಿಸಿಲು ಬೇಡುವ ಕ್ಯಾಬರ್ನೆ. ಎಲ್ಲ ಒಂದೇ ಜಿಲ್ಲೆ.

ಇದನ್ನು ಗೋಡೆ ಮೇಲೆ ನೋಡಬೇಕೆಂದರೆ ಯಾನೊನಾಲಿ ಬೀದಿಯ ದಿ ವ್ಯಾಲಿ ಪ್ರಾಜೆಕ್ಟ್‌ಗೆ ಹೋಗಿ. ಒಳಗೆ ಗೋಡೆಯ ತುಂಬ ಸೀಮೆಸುಣ್ಣದಲ್ಲಿ ಬರೆದ ನಕ್ಷೆ ಇದೆ. ಯಾವ ಕಣಿವೆ ಎಲ್ಲಿ, ಯಾವ ದ್ರಾಕ್ಷಿ ಎಲ್ಲಿಯದು ಎಲ್ಲ ಅದರಲ್ಲಿದೆ. ಗ್ಲಾಸು ಕೈಯಲ್ಲಿ ಹಿಡಿದು ಇದು ಇಲ್ಲಿಯದು ಅಂತ ಬೆರಳಿಟ್ಟು ತೋರಿಸಬಹುದು. ನನ್ನ ಲೆಕ್ಕದಲ್ಲಿ ಮೊದಲ ಅಂಗಡಿ ಇದು, ಎರಡನೆಯದು ಸಾಂಟಾ ಬಾರ್ಬರಾ ವೈನರಿ. ಮಗಳಿಗೆ ಬೇರೆ ಯಾವುದಾದರೂ ಇಷ್ಟವಿದ್ದರೆ ಎರಡನೆಯದನ್ನು ಬದಲಿಸಿ, ಮೂರನೆಯದನ್ನು ಸೇರಿಸಬೇಡಿ. ಇಲ್ಲಿ ಅಂಗಡಿಗಳು ಜಾಗ ಬದಲಿಸುವುದು ಮಾಮೂಲು. ಹೊರಡುವ ಬೆಳಿಗ್ಗೆ ಒಮ್ಮೆ ಫೋನಿನಲ್ಲಿ ವಿಳಾಸ, ಸಮಯ ನೋಡಿಕೊಳ್ಳಿ.

ರುಚಿ ನೋಡುವುದು ಹೇಗೆ ಅಂದರೆ, ಕೌಂಟರ್‌ನಲ್ಲಿ ಫ್ಲೈಟ್ ಅಂತ ಕೇಳಬೇಕು. ನಾಲ್ಕೈದು ಬಗೆಯ ವೈನನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಸುರಿಯುತ್ತಾರೆ. ಒಬ್ಬರಿಗೆ ಸಾಮಾನ್ಯವಾಗಿ 20ರಿಂದ 30 ಡಾಲರ್. ಬಾಟಲಿ ಕೊಂಡರೆ ಎಷ್ಟೋ ಕಡೆ ಆ ದುಡ್ಡು ಬಿಡುತ್ತಾರೆ, ಅದನ್ನು ಮೊದಲೇ ಕೇಳಿ. ಸುರಿಯುವುದು ಒಂದು ಗುಟುಕಿನಷ್ಟು ಕಾಣುತ್ತದೆ. ಅಲ್ಲೇ ಮೋಸ ಹೋಗುವುದು. ಒಂದು ಸಲಕ್ಕೆ 45 ಮಿಲಿ ಅಂದುಕೊಂಡರೂ ಐದಕ್ಕೆ 225 ಮಿಲಿ ಆಯಿತು. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ ಸುಮಾರು 150 ಮಿಲಿ ವೈನ್. ಎರಡು ಅಂಗಡಿ ಮುಗಿಸಿದರೆ ಮೂರು ಡ್ರಿಂಕ್ ಒಳಗೆ ಹೋದ ಹಾಗೆ. ಅದಕ್ಕೇ ನೀವೂ ಮಗಳೂ ಸೇರಿ ಒಂದೇ ಫ್ಲೈಟ್ ತಗೊಳ್ಳಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೌಂಟರ್ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ. ಇಷ್ಟವಾಗದ್ದನ್ನು, ಸಾಕಾದದ್ದನ್ನು ಅದಕ್ಕೆ ಸುರಿಯಬಹುದು. ಎಲೆಯಲ್ಲಿ ಬಿಡಬಾರದು ಅಂತ ಬೆಳೆದ ನಮಗೆ ಕೈ ಬರುವುದಿಲ್ಲ, ಗೊತ್ತು. ಆದರೆ ಅಲ್ಲಿ ಅದು ಅವಮಾನ ಅಲ್ಲ, ವೈನ್ ಮಾಡುವವರೇ ಹಾಗೆ ಮಾಡುತ್ತಾರೆ.

ಮೊದಲ ಗುಟುಕಿಗೆ ನೀವು ಬಹುಶಃ ಮುಖ ಕಿವುಚುತ್ತೀರಿ. ನಮ್ಮಲ್ಲಿ ವೈನ್ ಅಂದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ನೆನಪಲ್ವಾ? ಇಲ್ಲಿಯದರಲ್ಲಿ ಸಿಹಿ ಇರುವುದೇ ಇಲ್ಲ ಅನ್ನಬಹುದು, ಸಕ್ಕರೆಯೆಲ್ಲ ಹುದುಗುವಾಗಲೇ ಆಲ್ಕೋಹಾಲ್ ಆಗಿಬಿಟ್ಟಿರುತ್ತದೆ. ಹಾಗಾಗಿ ಸಿಹಿ ಹುಡುಕಬೇಡಿ. ಎರಡನ್ನು ಹುಡುಕಿ: ಹುಳಿ ಮತ್ತು ಒಗರು. ನುಂಗಿದ ಮೇಲೆ ನಾಲಿಗೆಯ ಪಕ್ಕದಲ್ಲಿ ನೀರೂರಿದರೆ ಅದು ಹುಳಿ. ತಂಪು ಜಾಗದ ದ್ರಾಕ್ಷಿಯಲ್ಲಿ ಅದು ಜಾಸ್ತಿ. ನೇರಳೆ ಹಣ್ಣು ತಿಂದ ಹಾಗೆ ಒಸಡು, ನಾಲಿಗೆ ಬಿಗಿದುಕೊಂಡರೆ ಅದು ಒಗರು. ಇಂಗ್ಲಿಷಿನವರು ಟ್ಯಾನಿನ್ ಅಂತ ವಿವರಿಸಲು ಪುಟಗಟ್ಟಲೆ ಬರೆಯುತ್ತಾರೆ, ನಮಗೆ ಒಂದು ಪದ ಸಾಕು. ಅಡಿಕೆ ಅಗಿದವರಿಗೆ, ಬಾಳೆಕಾಯಿ ಹೆಚ್ಚಿದವರಿಗೆ ಪಾಠ ಬೇಕೇ? ಒಗರು ಬರುವುದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ. ಪಿನೊ ನ್ವಾರ್‌ದು ತೆಳು ಸಿಪ್ಪೆ, ಅದಕ್ಕೆ ಒಗರು ಕಮ್ಮಿ, ಬಣ್ಣವೂ ತಿಳಿ. ಕ್ಯಾಬರ್ನೆಗೆ ದಪ್ಪ ಸಿಪ್ಪೆ, ಬಾಯಿ ಬಿಗಿಯುತ್ತದೆ.

ಸಿರಾ ಬಂದಾಗ ಗ್ಲಾಸನ್ನು ನಿಮ್ಮ ಮನೆಯವರ ಕೈಗೆ ಕೊಡಿ. ಕುಡಿಯುವುದು ಬೇಡ, ಮೂಸಿ ನೋಡಲಿ. ತಂಪು ಜಾಗದ ಸಿರಾದಲ್ಲಿ ಕರಿಮೆಣಸಿನ ವಾಸನೆ ಬರುತ್ತದೆ. ಹೊಗಳಿಕೆಗೆ ಹೇಳುವ ಮಾತಲ್ಲ ಇದು. ಮೆಣಸಿಗೆ ಆ ಘಮ ಕೊಡುವ ರೋಟಂಡೋನ್ ಅನ್ನುವ ಅಂಶವೇ ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ ಅಂತ 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ನನ್ನ ಅತ್ತೆ ಒಮ್ಮೆ ಹೀಗೆಯೇ ಗ್ಲಾಸು ಮೂಸಿ, ಇದೇನು ಸಾರಿನ ಪುಡಿ ಡಬ್ಬಿ ತೆಗೆದ ಹಾಗಿದೆಯಲ್ಲ ಅಂದರು. ಸುರಿಯುತ್ತಿದ್ದ ಹುಡುಗನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಸಾರಿನ ಪುಡಿ ಅಂದರೇನು ಅಂತ ಕೇಳಿಕೊಂಡು ತನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡ. ಕುಡಿಯದವರನ್ನು ಒಳಗೆ ಬಿಡುತ್ತಾರೋ ಇಲ್ಲವೋ ಅನ್ನುವ ಸಂಕೋಚ ಬೇಡ. ಜೊತೆಗೆ ಬಂದು ನೀರು ಕುಡಿದು ಕೂರುವವರು ಎಲ್ಲ ಕಡೆ ಇರುತ್ತಾರೆ.

ಸಸ್ಯಾಹಾರದ ಬಗ್ಗೆ ಒಂದು ಸೂಕ್ಷ್ಮ ಇದೆ, ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ವೈನನ್ನು ತಿಳಿ ಮಾಡಲು ಕೆಲವರು ಮೊಟ್ಟೆಯ ಬಿಳಿ ಅಥವಾ ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಬಳಸುತ್ತಾರೆ. ಅದು ಗಸಿಯ ಜೊತೆ ತಳಕ್ಕೆ ಕೂರುತ್ತದೆ, ತಿಳಿಯನ್ನು ಮೇಲಿಂದ ತೆಗೆಯುತ್ತಾರೆ. ಆದರೂ ನಿಮಗೆ ಅದು ಬೇಡ ಎಂದಾದರೆ ವೀಗನ್ ವೈನ್, ಅಂದರೆ ಪ್ರಾಣಿಯಿಂದ ಬಂದದ್ದು ಏನೂ ಬಳಸದ ವೈನ್, ಯಾವುದು ಅಂತ ಕೇಳಿ. ಅಲ್ಲಿ ಅದು ಮಾಮೂಲಿ ಪ್ರಶ್ನೆ. ಊಟಕ್ಕೆ ಅನಕಾಪಾ ಬೀದಿಯಲ್ಲೇ ಲಕ್ಕಿ ಪೆನ್ನಿ ಅಂತ ಪಿಜ್ಜಾ ಅಂಗಡಿ ಇದೆ. ಹೊರಗೋಡೆಗೆ ಸಾವಿರಾರು ತಾಮ್ರದ ಬಣ್ಣದ ಒಂದು ಸೆಂಟ್ ನಾಣ್ಯ ಅಂಟಿಸಿದ್ದಾರೆ, ಬಿಸಿಲು ಬಿದ್ದರೆ ಉಜ್ಜಿದ ತಾಮ್ರದ ಹಂಡೆಯ ಹಾಗೆ ಹೊಳೆಯುತ್ತದೆ. ಪಕ್ಕದ ದಿ ಲಾರ್ಕ್ ದುಬಾರಿ ಹೋಟೆಲು. ಹಿಂದೆ ಲಾಸ್ ಏಂಜಲಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ರಾತ್ರಿ ಓಡುತ್ತಿದ್ದ ರೈಲಿನ ಹೆಸರು ಅದಕ್ಕೆ. ಎಲ್ಲಿ ತಿಂದರೂ ಬರೀ ವೆಜಿಟೇರಿಯನ್ ಅಂದರೆ ಸಾಲದು. ಸೀಸರ್ ಸಲಾಡ್‌ನ ಸಾಸ್‌ನಲ್ಲಿ ಸಣ್ಣ ಮೀನು ಅರೆದಿರುತ್ತಾರೆ. ಮೆಕ್ಸಿಕನ್ ಹೋಟೆಲಿನ ಅರೆದ ಬೀನ್ಸ್ ಕಾಳಿನಲ್ಲಿ ಹಂದಿ ಕೊಬ್ಬು ಇರಬಹುದು. ಬಿಡಿಸಿ ಕೇಳಿ.

ಮನೆಯವರಿಗೆ ವೈನ್ ಅಂಗಡಿ ಬೇಜಾರಾದರೆ, ಮಗಳ ಜೊತೆ ಸ್ಟೇಟ್ ಸ್ಟ್ರೀಟ್‌ನ ಮಾಕ್ಸಿ ವಿಜ್ಞಾನ ಮ್ಯೂಸಿಯಂಗೆ ಹೋಗಬಹುದು, 2017ರಲ್ಲಿ ತೆರೆದದ್ದು. ಮಕ್ಕಳಿಗೆಂದೇ ಮಾಡಿದ್ದು, ಆದರೆ ತಾರಸಿಯಿಂದ ಇಡೀ ಊರು, ಕಡಲು ಕಾಣುತ್ತದೆ. ಅದಕ್ಕಿಂತ ನನಗೆ ಇಷ್ಟ ರೈಲು ನಿಲ್ದಾಣದ ಪಕ್ಕದ ಮರ. 1870ರ ದಶಕದಲ್ಲಿ ನೆಟ್ಟ ಆಸ್ಟ್ರೇಲಿಯಾದ ಮೋರ್ಟನ್ ಬೇ ಫಿಗ್, ನಮ್ಮ ಆಲ, ಅತ್ತಿಗಳ ನೆಂಟ. ಬೇರುಗಳು ನೆಲದ ಮೇಲೆ ಮೊಣಕಾಲೆತ್ತರ ಗೋಡೆಯ ಹಾಗೆ ಹರಡಿವೆ. ಹತ್ತು ನಿಮಿಷ ಸುಮ್ಮನೆ ನೋಡುತ್ತಾ ನಿಲ್ಲಬಹುದು.

ಸರ್ಫಿಂಗ್ ಹಲಗೆಗಳ ಹಳೇ ಕಾಲದ ಗುರುತು ನೋಡಬೇಕೆಂದರೆ ಅನಕಾಪಾ ಬೀದಿಯ ಕಡಲ ತುದಿಯಲ್ಲಿ ಚಾನಲ್ ಐಲೆಂಡ್ಸ್ ಅಂಗಡಿ ಇದೆ. ಆಲ್ ಮೆರಿಕ್ ದಂಪತಿ 1969ರಲ್ಲಿ ಶುರು ಮಾಡಿದ ಕಂಪನಿ. ವಿಶ್ವ ಚಾಂಪಿಯನ್ ಕೆಲ್ಲಿ ಸ್ಲೇಟರ್ ಸವಾರಿ ಮಾಡಿದ್ದು ಮೆರಿಕ್ ಮಾಡಿದ ಹಲಗೆಗಳ ಮೇಲೆ. ಕೊಳ್ಳುವುದು ಬೇಡ, ಒಂದು ಹಲಗೆಯ ಅಂಚಿನ ಮೇಲೆ ಕೈ ಸವರಿ ನೋಡಿ, ಸಾಕು.

ಸಂಜೆಗೆ ಸ್ಟರ್ನ್ಸ್ ವಾರ್ಫ್ ಎಂಬ ಮರದ ಹಡಗುಕಟ್ಟೆ, 1872ರದು. ಸೂರ್ಯ ಕಡಲಿಗಿಳಿಯುವುದನ್ನು ನೋಡುತ್ತೇವೆ ಅಂತ ಕಾಯಬೇಡಿ. ಮಲ್ಪೆಯ ಹಾಗಲ್ಲ ಇದು. ಇಲ್ಲಿ ಕಡಲು ದಕ್ಷಿಣಕ್ಕಿದೆ. ಸೆಪ್ಟೆಂಬರ್‌ನಲ್ಲಿ ಸೂರ್ಯ ಬಲಗಡೆಯ ಗುಡ್ಡದ ಹಿಂದೆ ಹೋಗಿಬಿಡುತ್ತಾನೆ. ಕಟ್ಟೆಯ ತುದಿಗೆ ನಡೆದು, ಬೆನ್ನು ತಿರುಗಿಸಿ ಊರಿನ ಕಡೆ ನೋಡಿ. ಹಿಂದಿನ ಬೆಟ್ಟ ಕೆಂಪಾಗುತ್ತದೆ.

ಓಡಾಟದ ವಿಷಯ. ಅರ್ವೈನ್‌ನಿಂದ ಕಾರು ಬೇಡ. ಪೆಸಿಫಿಕ್ ಸರ್ಫ್‌ಲೈನರ್ ರೈಲು ಅಲ್ಲಿಂದಲೇ ನೇರ ಸಿಗುತ್ತದೆ, ಸುಮಾರು 4 ಗಂಟೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ವೆಂಚುರಾ ದಾಟಿದ ಮೇಲೆ ಹಳಿ ಕಡಲಿಗೆ ತಾಗಿಕೊಂಡೇ ಓಡುತ್ತದೆ. ಇಳಿದು ಐದು ನಿಮಿಷ ನಡೆದರೆ ಫಂಕ್ ಝೋನ್. ಆದರೆ ಹೋಗಿ ಬರುವುದಕ್ಕೇ ಎಂಟು ಗಂಟೆ ಆಗುವುದರಿಂದ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಕಡಲ ಪಕ್ಕದ ಹೋಟೆಲುಗಳಿಗೆ ಬೆಂಕಿ ರೇಟು. ಒಂದು ಸ್ಟೇಷನ್ ಹಿಂದೆ ಕಾರ್ಪಿಂಟೀರಿಯಾ, ಒಂದು ಮುಂದೆ ಗೊಲೀಟಾ ಇವೆ, ಅಲ್ಲೂ ವಿಚಾರಿಸಿ. ವಾರದ ನಡುವೆ ಹೋಗಿ. ಶನಿವಾರ ಮಧ್ಯಾಹ್ನ ಮದುವೆಗೆ ಮುಂಚಿನ ಪಾರ್ಟಿಯ ಗುಂಪುಗಳ ಗಲಾಟೆ ಇರುತ್ತದೆ, ಸುರಿಯುವವರಿಗೆ ಮಾತನಾಡಲು ಪುರುಸೊತ್ತಿರುವುದಿಲ್ಲ. ಸೆಪ್ಟೆಂಬರ್ ಆರಿಸಿದ್ದು ಸರಿ. ಮೇ, ಜೂನ್‌ನಲ್ಲಿ ಮಧ್ಯಾಹ್ನದವರೆಗೂ ಮಂಜು ಮುಸುಕಿರುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಬಿಸಿಲೂ ಇರುತ್ತದೆ, ದ್ರಾಕ್ಷಿ ಕೊಯ್ಲಿನ ಸುದ್ದಿಯೂ ಇರುತ್ತದೆ.

ಪಾಸ್‌ಪೋರ್ಟ್ ಜೇಬಿನಲ್ಲಿರಲಿ. 21 ವರ್ಷ ಆಗಿದೆಯೇ ಅಂತ ತಲೆ ಪೂರ್ತಿ ನೆರೆತವರನ್ನೂ ಕೇಳುವುದುಂಟು, ನಕ್ಕು ತೋರಿಸಿಬಿಡಿ. ಗ್ಲಾಸು ಹಿಡಿದು ಬೀದಿಗೆ ಇಳಿಯಬೇಡಿ, ಅಲ್ಲಿ ಅದಕ್ಕೆ ದಂಡ ಹಾಕುತ್ತಾರೆ.

ಬಾಟಲಿ ತರಬಹುದು. ಭಾರತಕ್ಕೆ ಬರುವಾಗ ವಯಸ್ಕರೊಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. ಒಂದು ಬಾಟಲಿ 750 ಮಿಲಿ, ಅಂದರೆ ನಿಮಗೆ ಎರಡು, ಮನೆಯವರ ಲೆಕ್ಕದಲ್ಲಿ ಇನ್ನೆರಡು. ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್-ಇನ್ ಸೂಟ್‌ಕೇಸಿನಲ್ಲೇ ಹಾಕಬೇಕು. ನಿಮಗೆ ನನ್ನ ಆಯ್ಕೆ ಒಂದು ಸ್ಟಾ. ರೀಟಾ ಹಿಲ್ಸ್ ಪಿನೊ, ಒಂದು ಬ್ಯಾಲರ್ಡ್ ಕ್ಯಾನ್ಯನ್ ಸಿರಾ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಅದರ ಮೇಲೆ ಹಳೇ ಪಂಚೆ ಸುತ್ತಿ, ಪೆಟ್ಟಿಗೆಯ ಮಧ್ಯದಲ್ಲಿಡಿ. ಬಿಳಿ ಪಂಚೆ ಬೇಡ.